ಅಡಿಕೆ ಬುಡದ ಅಣಬೆ, ಡಬ್ಬಿಯೊಳಗಿನ ಅಮೃತ

ನಮ್ಮ ಅಡ್ಡಗದ್ದೆ ಕಡೆ ಅಡಿಕೆ ಮರದ ಬುಡದಲ್ಲಿ ವಾರ್ನಿಷ್ ಬಳಿದ ಹಾಗೆ ಹೊಳೆಯೋ ಕೆಂಪು-ಕಂದು ಅಣಬೆ ಎದ್ದಿತು ಅಂದ್ರೆ ಆ ಮರದ ಆಸೆ ಬಿಟ್ಟ ಹಾಗೇ. ಸುತ್ತ ಚರಂಡಿ ತೋಡಿ, ಸತ್ತ ಮರವನ್ನು ಬೇರುಸಮೇತ ಕಿತ್ತು ಸುಡಬೇಕು, ಇಲ್ಲದಿದ್ರೆ ಅಣಬೆ ರೋಗ ಪಕ್ಕದ ಮರಕ್ಕೂ ದಾಟುತ್ತೆ. ಪುಸ್ತಕಗಳಲ್ಲಿ ಇದರ ಹೆಸರು ಗ್ಯಾನೋಡರ್ಮಾ ಲೂಸಿಡಮ್. ಅಡಿಕೆ, ತೆಂಗಿನ ಮೇಲೆ ಇದು ಬದುಕುವ ರೀತಿಯ ಬಗ್ಗೆ ಎಸ್. ವಿ. ವೆಂಕಟರಾಯನ್ 1936ರಲ್ಲೇ ಬರೆದಿದ್ದಾರೆ.

ಈಗ ಅದೇ ಹೆಸರಿನ ಕ್ಯಾಪ್ಸೂಲು, ಕಾಫಿಪುಡಿ ಮನೆಬಾಗಿಲಿಗೆ ಬರ್ತಿವೆ. ಜೊತೆಗೊಂದು ಬಣ್ಣದ ಪುಸ್ತಿಕೆ: ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ಕ್ಯಾನ್ಸರ್, ಎಲ್ಲಕ್ಕೂ ಒಂದೇ ಡಬ್ಬಿ. ಕೂತು ಪೂರ್ತಿ ಓದಿದೆ.

ಅದರಲ್ಲಿರೋದೆಲ್ಲ ಸುಳ್ಳಲ್ಲ, ತೊಂದರೆ ಇರೋದೇ ಅಲ್ಲಿ. ಅಣಬೆಯ ಬೀಟಾ-ಗ್ಲೂಕನ್ ಪ್ರಯೋಗಾಲಯದಲ್ಲಿ ರೋಗನಿರೋಧಕ ಕಣಗಳನ್ನು ಕೆಣಕುವುದು ನಿಜ. ಜಪಾನಿನಲ್ಲಿ 1977ರಲ್ಲಿ ಅಣಬೆಯಿಂದ ತೆಗೆದ ಕ್ರೆಸ್ಟಿನ್ ಅನ್ನೋ ಔಷಧಕ್ಕೆ ಕ್ಯಾನ್ಸರ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿದ್ದೂ ನಿಜ. ಆದರೆ ಅದು ಬೇರೆ ಅಣಬೆ, ಶುದ್ಧೀಕರಿಸಿದ ಔಷಧ, ವೈದ್ಯರ ಕೈಯಲ್ಲಿದ್ದದ್ದು. ಪುಸ್ತಿಕೆ ಆ ಕೀರ್ತಿಯನ್ನು ತನ್ನ ಡಬ್ಬಿಗೆ ತುಂಬಿಕೊಂಡಿದೆ. ಚೀನಾದವರು ಔಷಧಕ್ಕೆ ಬೆಳೆಯೋ ಜಾತಿಗೆ 2012ರಲ್ಲಿ ಲಿಂಗ್‌ಝಿ ಅಂತ ಪ್ರತ್ಯೇಕ ಹೆಸರೇ ಇಟ್ಟರು, ಡಬ್ಬಿ ಮೇಲೆ ಇನ್ನೂ ಲೂಸಿಡಮ್ಮೇ ಇದೆ.

ಮನುಷ್ಯರ ಮೇಲಿನ ಪರೀಕ್ಷೆ ಏನು ಹೇಳುತ್ತೆ? ಕೊಕ್ರೇನ್ ಸಂಸ್ಥೆ 2015ರಲ್ಲಿ 398 ಜನರಿದ್ದ 5 ಪ್ರಯೋಗಗಳನ್ನು ಪರಿಶೀಲಿಸಿತು: ಸಕ್ಕರೆ ಕಾಯಿಲೆಯವರಲ್ಲಿ ಹೃದಯದ ಅಪಾಯ ತಗ್ಗಿಸಲು ಇದನ್ನು ಕೊಡಿ ಅನ್ನುವಷ್ಟು ಪುರಾವೆ ಸಿಗಲಿಲ್ಲ. ಕ್ಯಾನ್ಸರಿನ ಬಗ್ಗೆ 373 ಜನರ 5 ಪ್ರಯೋಗ ನೋಡಿ ಹೇಳಿದ್ದು, ಇದು ಮೊದಲ ಚಿಕಿತ್ಸೆ ಆಗಲಾರದು, ಬೇಕಾದರೆ ನಡೆಯುತ್ತಿರುವ ಚಿಕಿತ್ಸೆಯ ಜೊತೆಗೆ ಕೊಡಬಹುದೇನೋ ಅಂತ. ಈ 'ಜೊತೆಗೆ' ಅನ್ನೋ ಪದವನ್ನೇ ಪುಸ್ತಿಕೆ ನುಂಗಿಬಿಟ್ಟಿದೆ.

ನಂಗೆ ಸಿಟ್ಟು ಬರೋದು ದುಡ್ಡು ಹೋಗೋದಕ್ಕಲ್ಲ. ಡಬ್ಬಿ ನಂಬಿ ಸಕ್ಕರೆ ಮಾತ್ರೆ ಬಿಟ್ಟವರನ್ನು ಊರಲ್ಲೇ ನೋಡಿದೀನಿ. ರಕ್ತ ತೆಳುಮಾಡೋ ಮಾತ್ರೆ ತಗೊಳ್ಳೋರಿಗೆ ಇದರಿಂದ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಅಪರೂಪಕ್ಕೆ ಲಿವರ್‌ಗೆ ಪೆಟ್ಟಾದ ವರದಿಗಳೂ ಇವೆ. ಪುಸ್ತಿಕೆಯಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ.

ತಿನ್ನೋ ಅಣಬೆ ಪಲ್ಯ ಮಾಡಿ ತಿನ್ನಿ, ಬೇಡ ಅಂದವರಾರು? ಡಬ್ಬಿಯವರು ಬಂದ್ರೆ ಮಾತ್ರ ಎರಡೇ ಪ್ರಶ್ನೆ ಕೇಳಿ: ಎಷ್ಟು ಜನರ ಮೇಲೆ ಪರೀಕ್ಷೆ ಆಗಿದೆ? ನನ್ನ ಮಾತ್ರೆ ಜೊತೆ ಇದು ಆಗುತ್ತಾ? ಉತ್ತರ ಬರೋವರೆಗೂ ನಿಮ್ಮ ಮಾತ್ರೆ ಬಿಡಬೇಡಿ.