ಲಿಥುವೇನಿಯದ ಯಾಜಕ ರಾಜಕಾರಣ: ಒಂದು ವಿಮರ್ಶೆ

ಎರಡು ಮಹಾಯುದ್ಧಗಳ ನಡುವಣ ಪೂರ್ವ ಯುರೋಪಿನ ಧರ್ಮಸಭೆಯನ್ನು ಕುರಿತು ಎರಡು ತೀರ್ಪುಗಳನ್ನು ನಾವು ಆಗಾಗ ಕೇಳುತ್ತೇವೆ. ಯಾಜಕರು ರಾಜಕಾರಣಕ್ಕೆ ಇಳಿದದ್ದೇ ತಪ್ಪೆಂಬುದು ಒಂದು. ನಾಸ್ತಿಕ ಶಕ್ತಿಗಳನ್ನು ತಡೆಯಲು ಅವರಿಗೆ ಅನ್ಯಮಾರ್ಗವಿರಲಿಲ್ಲವೆಂಬುದು ಇನ್ನೊಂದು. ಲಿಥುವೇನಿಯದ ಇತಿಹಾಸದ ಮುಂದೆ ಇವೆರಡೂ ನಿಲ್ಲಲಾರವೆಂಬುದು ನಮ್ಮ ಅಭಿಪ್ರಾಯ.

ಮೊದಲ ತೀರ್ಪನ್ನು ಪರಿಶೀಲಿಸೋಣ. 1918ರಲ್ಲಿ ಸ್ವಾತಂತ್ರ್ಯ ಘೋಷಿಸಿದ ಆ ದೇಶದಲ್ಲಿ ಕ್ರೈಸ್ತ ಪ್ರಜಾಸತ್ತಾವಾದಿ ಪಕ್ಷದ ಮುಂದಾಳುಗಳಲ್ಲಿ ಯಾಜಕರೂ ಇದ್ದರು. 1922ರ ಭೂಸುಧಾರಣಾ ಕಾನೂನಿನ ಪ್ರಮುಖ ರೂವಾರಿ ಮಿಕೋಲಾಸ್ ಕ್ರುಪಾವಿಚಿಯುಸ್ ಅವರೇ ಒಬ್ಬ ಗುರು. ದೊಡ್ಡ ಜಮೀನುದಾರರಿಗೆ 80 ಹೆಕ್ಟೇರುಗಳ ಮಿತಿ ವಿಧಿಸಿ, ಮಿಕ್ಕ ಭೂಮಿಯನ್ನು ಭೂಹೀನರಿಗೂ ಸಣ್ಣ ರೈತರಿಗೂ ಸ್ವಯಂಸೇವಕ ಸೈನಿಕರಿಗೂ ಹಂಚುವ ಕಾನೂನು ಅದು. ಹದಿಮೂರನೆಯ ಲಿಯೋ ಅವರ ಸಾಮಾಜಿಕ ಬೋಧನೆ ಇಲ್ಲಿ ಹೊಲದ ಬದುವಿನವರೆಗೆ ಇಳಿದು ಬಂದಿತು. ಇದನ್ನು ತಪ್ಪೆನ್ನುವುದು ಅನ್ಯಾಯ.

ಎರಡನೆಯ ತೀರ್ಪು ಇನ್ನಷ್ಟು ಗಂಭೀರವಾದುದು. 1926ರ ಮೇ ತಿಂಗಳ ಚುನಾವಣೆಯಲ್ಲಿ ಕ್ರೈಸ್ತ ಪ್ರಜಾಸತ್ತಾವಾದಿ ಬಣಕ್ಕೆ 85 ಸ್ಥಾನಗಳಲ್ಲಿ ದೊರೆತದ್ದು 30 ಮಾತ್ರ. ರೈತಪಕ್ಷದವರೂ ಸಮಾಜವಾದಿ ಪ್ರಜಾಸತ್ತಾವಾದಿಗಳೂ ಕೂಡಿ ಸರಕಾರ ರಚಿಸಿದರು. ಅದೇ ವರ್ಷ ಡಿಸೆಂಬರ್ 17ರಂದು ಸೇನಾಧಿಕಾರಿಗಳು ಆ ಸರಕಾರವನ್ನು ಉರುಳಿಸಿದರು. ಕ್ರೈಸ್ತ ಪ್ರಜಾಸತ್ತಾವಾದಿಗಳು ಪ್ರತಿಭಟಿಸುವ ಬದಲು ಅಂತಾನಾಸ್ ಸ್ಮೆತೋನಾ ಅವರನ್ನು ರಾಷ್ಟ್ರಾಧ್ಯಕ್ಷರನ್ನಾಗಿ ಆರಿಸಲು ಮತವಿತ್ತರು. ಹೊಸ ಮಂತ್ರಿಮಂಡಲವನ್ನೂ ಸೇರಿದರು. ಹತ್ತು ದಿನಗಳಲ್ಲಿ, ಸೇನಾ ನ್ಯಾಯಾಲಯದ ತೀರ್ಪಿನಂತೆ, ನಾಲ್ವರು ಕಮ್ಯುನಿಸ್ಟರನ್ನು ಗುಂಡಿಟ್ಟು ಕೊಲ್ಲಲಾಯಿತು.

ಭಯಕ್ಕೆ ಕಾರಣವಿರಲಿಲ್ಲವೆಂದು ನಾವು ಹೇಳುವುದಿಲ್ಲ. 1923ರಲ್ಲಿ ಮಾಸ್ಕೋದಲ್ಲಿ ಗುರು ಬುಡ್ಕೆವಿಚ್ ಅವರನ್ನು ಕೊಂದ ಸುದ್ದಿ ಇನ್ನೂ ಹಳತಾಗಿರಲಿಲ್ಲ. ಆದರೆ ಲಿಥುವೇನಿಯದ ಆ ಸರಕಾರ ಬೋಲ್ಷೆವಿಕರದ್ದಲ್ಲ. ಜನರ ಮತದಿಂದ ಬಂದದ್ದು, ಜನರ ಮತದಿಂದಲೇ ಹೋಗಬಹುದಾಗಿದ್ದದ್ದು.

ಫಲವೇನಾಯಿತು? 1927ರ ಏಪ್ರಿಲ್‌ನಲ್ಲಿ ಸಂಸತ್ತು ವಿಸರ್ಜನೆಯಾಯಿತು. 1936ರವರೆಗೆ ಹೊಸದು ಚುನಾಯಿತವಾಗಲಿಲ್ಲ. 1927ರ ಸೆಪ್ಟೆಂಬರ್‌ನಲ್ಲಿ ಪವಿತ್ರ ಪೀಠದೊಡನೆ ಒಪ್ಪಂದವೇನೋ ಆಯಿತು. ಆದರೆ 1930ರಲ್ಲಿ ಕಥೋಲಿಕ ವಿದ್ಯಾರ್ಥಿಗಳ ಆತೈತಿಸ್ ಸಂಘವನ್ನು ಪ್ರೌಢಶಾಲೆಗಳಲ್ಲಿ ನಿಷೇಧಿಸಲಾಯಿತು. 1931ರಲ್ಲಿ ಪೋಪರ ರಾಯಭಾರಿಯನ್ನೇ ದೇಶದಿಂದ ಹೊರಗಟ್ಟಲಾಯಿತು. ಇತರರ ಸ್ವಾತಂತ್ರ್ಯ ಹೋದಾಗ ಮೌನವಾಗಿದ್ದವರಿಗೆ, ತಮ್ಮ ಸ್ವಾತಂತ್ರ್ಯಕ್ಕಾಗಿ ಮಾತನಾಡಲು ಸಂಸತ್ತೇ ಉಳಿದಿರಲಿಲ್ಲ.

ಹೀಗಾಗಿ ದೋಷವಿರುವುದು ರಾಜಕಾರಣ ಪ್ರವೇಶದಲ್ಲಲ್ಲ, ಗೆದ್ದಾಗ ಮಾತ್ರ ಮತಪೆಟ್ಟಿಗೆಯನ್ನು ಗೌರವಿಸಿದ್ದರಲ್ಲಿ. ಇದಕ್ಕೆ ದೈವಶಾಸ್ತ್ರದ ಮೂಲವೂ ಉಂಟು. ಧರ್ಮಸಭೆ ಯಾವುದೇ ಒಂದು ಆಡಳಿತ ಪದ್ಧತಿಗೆ ಕಟ್ಟುಬಿದ್ದಿಲ್ಲವೆಂಬ ಸರಿಯಾದ ಬೋಧನೆಯನ್ನು, ಆಡಳಿತ ಹೇಗೆ ಬದಲಾದರೂ ಚಿಂತೆಯಿಲ್ಲವೆಂಬಂತೆ ಓದಿಕೊಳ್ಳಲಾಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆ ತನ್ನ 'ಗೌದಿಯುಮ್ ಎತ್ ಸ್ಪೇಸ್' ಸಂವಿಧಾನದ 76ನೆಯ ಖಂಡದಲ್ಲಿ, ಪ್ರಭುತ್ವ ನೀಡುವ ಸವಲತ್ತುಗಳಲ್ಲಿ ಧರ್ಮಸಭೆ ಭರವಸೆಯಿಡುವುದಿಲ್ಲವೆಂದೂ, ತನ್ನ ಸಾಕ್ಷ್ಯದ ಪ್ರಾಮಾಣಿಕತೆಗೆ ಅವು ಕುಂದು ತರುವುದಾದರೆ ನ್ಯಾಯವಾಗಿ ಪಡೆದ ಹಕ್ಕುಗಳನ್ನೂ ಬಿಟ್ಟುಕೊಡುವುದೆಂದೂ ಬೋಧಿಸಿದ್ದು ಇಂಥ ಅನುಭವಗಳ ತರುವಾಯವೇ.

ಇಂದು ಸಭಾಕಾನೂನು ಯಾಜಕರನ್ನು ಪಕ್ಷ ರಾಜಕಾರಣದಿಂದ ದೂರವಿರಿಸಿದೆ. ಅಷ್ಟರಿಂದಲೇ ಈ ಪರೀಕ್ಷೆ ಮುಗಿಯಿತೆಂದು ನಾವು ಭಾವಿಸಬಾರದು. ನಮ್ಮ ವಿರುದ್ಧ ಮತವಿತ್ತವರ ಹಕ್ಕಿಗಾಗಿಯೂ ನಿಲ್ಲಬೇಕೆಂದು ಭಾವೀ ಗುರುಗಳಿಗೆ ನಾವು ಕಲಿಸುತ್ತಿದ್ದೇವೆಯೇ? ಲಿಥುವೇನಿಯ ನಮ್ಮ ಮುಂದಿಡುವ ಪ್ರಶ್ನೆ ಇದೇ.