ನೊರೆ ನಂಬಿ ಮಷೀನ್ ಕೊಳ್ಳುವವರು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂದರೆ ಚಹಾದ ಸೀಮೆ. ಗಿರ್ಮಿಟ್ಟು, ಮಿರ್ಚಿ ಭಜಿ ಆದ ಮೇಲೆ ಇಲ್ಲಿ ಯಾರೂ ಕಾಫಿ ಕೇಳುವುದಿಲ್ಲ. ಆದರೆ ಶಿರಸಿ, ಸೊರಬದ ಜೊತೆ ಕೊಟ್ಟು-ತಂದು ಮಾಡುವ ಹಾನಗಲ್ಲಿನ ಮನೆಗಳಲ್ಲಿ, ಶಿಕಾರಿಪುರಕ್ಕೆ ಹೊಂದಿಕೊಂಡ ಹಿರೇಕೆರೂರಿನಲ್ಲಿ ಫಿಲ್ಟರ್ ಕಾಫಿ ಹೊಸದಲ್ಲ. ಹೊಸದಾಗಿ ಬಂದಿರುವುದು ಬೀಜ ಸುರಿದು ಬಟನ್ ಒತ್ತಿದರೆ ತಾನೇ ಬೀಸಿ, ಒತ್ತಿ, ಇಳಿಸಿ, ಚರಟವನ್ನು ಒಳಗಿನ ಡಬ್ಬಿಗೆ ಕೆಡವುವ ಮಷೀನು. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಅಪ್ಪ-ಅವ್ವನಿಗೆಂದು ಕಳಿಸಿದ್ದು ಇರಬಹುದು, ಮನೆ ಕಟ್ಟಿಸಿದ ಹುರುಪಿನಲ್ಲಿ ಕೊಂಡದ್ದು ಇರಬಹುದು. ನಲವತ್ತು ಸಾವಿರದ ಆಸುಪಾಸಿನಿಂದ ಲಕ್ಷ ದಾಟುವವರೆಗೂ ಬೆಲೆ. ‘ಮನೆಯಲ್ಲೇ ಕೆಫೆ’ ಎಂಬ ಕೀರ್ತಿ. ಆ ಕೀರ್ತಿಯಲ್ಲಿ ಅರ್ಧದಷ್ಟು ಗಾಳಿಯೇ ಎಂಬುದು ನನ್ನ ತಕರಾರು. ಅದೂ ನೊರೆಯೊಳಗಿನ ಗಾಳಿ.

ಈ ಮಷೀನುಗಳಿಗೆ ಅಂಕ ಹಾಕುವವರು ಎರಡೇ ಮಾತು ಹಿಡಿದು ಕೂತಿದ್ದಾರೆ: 15 ಬಾರ್ ಒತ್ತಡ ಮತ್ತು ಕಪ್ಪಿನ ಮೇಲಿನ ಕಂದು ನೊರೆ. ಮೊದಲನೆಯದನ್ನು ಬೇಗ ಮುಗಿಸೋಣ. 15 ಬಾರ್ ಎಂಬುದು ಪಂಪಿನ ಗರಿಷ್ಠ ತಾಕತ್ತು. ಎಸ್ಪ್ರೆಸೊ ಇಳಿಯಲು ಪುಡಿಯ ಬಿಲ್ಲೆಯ ಮೇಲೆ ಬೇಕಾದ್ದು ಸುಮಾರು 9 ಬಾರ್. ಉಳಿದದ್ದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲು.

ನೊರೆಯ ವಿಷಯ ಅಷ್ಟು ಸಲೀಸಲ್ಲ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಸಿಕ್ಕಿಕೊಂಡಿರುತ್ತದೆ. ಒತ್ತಡದಲ್ಲಿ ನುಗ್ಗುವ ಬಿಸಿನೀರಿನಲ್ಲಿ ಅದು ಕರಗುತ್ತದೆ; ಕಪ್ಪಿಗೆ ಬಿದ್ದು ಒತ್ತಡ ಇಳಿದೊಡನೆ ಗುಳ್ಳೆಯಾಗಿ ಏಳುತ್ತದೆ, ಬೀಜದ ಎಣ್ಣೆಯೂ ಸೇರಿಕೊಳ್ಳುತ್ತದೆ. ಇದನ್ನೇ ಕ್ರೆಮಾ ಎಂದು ಕೊಂಡಾಡುವುದು. ಕೈಯಿಂದ ಪುಡಿ ಒತ್ತಿ ಕಾಫಿ ಇಳಿಸುವ ಕೆಫೆಯಲ್ಲಿ ಈ ನೊರೆ ತಕ್ಕಮಟ್ಟಿಗೆ ನಂಬಬಹುದಾದ ಸಾಕ್ಷಿ: ಬೀಜ ಹಳತಾಗಿದ್ದರೆ, ಪುಡಿ ದಪ್ಪವಾಗಿದ್ದರೆ, ಒತ್ತಿದ ಕೈ ತಪ್ಪಿದ್ದರೆ ಅದು ತೆಳ್ಳಗಾಗಿ ಗುಟ್ಟು ಬಿಟ್ಟುಕೊಡುತ್ತದೆ. ಮನೆಯ ಆಟೊಮ್ಯಾಟಿಕ್ ಮಷೀನುಗಳಲ್ಲಿ ಬಹುತೇಕ ಈ ಗುಟ್ಟು ಹೊರಬೀಳದಂತೆ ಏರ್ಪಾಟು ಇರುತ್ತದೆ. ಬಿಲ್ಲೆ ದಾಟಿದ ಕೂಡಲೇ ಸ್ಪ್ರಿಂಗಿನ ಒಂದು ಸಣ್ಣ ವಾಲ್ವು. ಒತ್ತಡ ಸಾಕಷ್ಟು ಏರುವವರೆಗೆ ಅದು ಕಾಫಿಯನ್ನು ತಡೆದು, ಆಮೇಲೆ ಕಿಂಡಿಯಿಂದ ಚಿಮ್ಮಿಸುತ್ತದೆ, ಪೈಪಿನ ಬಾಯಿಗೆ ಬೆರಳಿಟ್ಟರೆ ನೀರು ಚಿಮ್ಮುವ ಹಾಗೆ. ಪುಡಿ ದಪ್ಪವಿದ್ದರೂ ನೊರೆ, ಬೀಜ ಹಳತಾದರೂ ಒಂದಿಷ್ಟು ನೊರೆ. ಅದರ ಮೇಲೆ ರೊಬಸ್ಟಾ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ನೊರೆ ಹೆಚ್ಚು. ನಮ್ಮ ದೇಶದ ಬೆಳೆಯಲ್ಲಿ ಸುಮಾರು ಶೇಕಡಾ 70 ಅದೇ. ರೊಬಸ್ಟಾ ಬೆರೆತ ಪೊಟ್ಟಣ ಸುರಿದು, ವಾಲ್ವಿನ ಕೃಪೆಯ ನೊರೆಯ ಫೋಟೊ ತೆಗೆದು, ‘ಇಟಲಿಯೇ ಮನೆಗೆ ಬಂತು’ ಎಂದು ತೀರ್ಪು ಕೊಡುವವರು ಯಾವುದನ್ನು ಪರೀಕ್ಷಿಸಿದರು? ಮಷೀನನ್ನಂತೂ ಅಲ್ಲ.

ಪರೀಕ್ಷೆ ಬೇಕಾದರೆ ಚಮಚದಿಂದ ನೊರೆ ಸರಿಸಿ, ಕಾಫಿ ಉಗುರುಬೆಚ್ಚಗಾದ ಮೇಲೆ ಹಾಲು-ಸಕ್ಕರೆ ಇಲ್ಲದೆ ಕುಡಿಯಬೇಕು. ನೀರುನೀರಾದ ಹುಳಿ ನಾಲಿಗೆಗೆ ತಾಗಿದರೆ ಬೀಸುವ ಗುಂಡಿಯನ್ನು ಸಣ್ಣಕ್ಕೆ ತಿರುಗಿಸಬೇಕು, ಅದೂ ಒಳಗಿನ ಗಿರಣಿ ತಿರುಗುತ್ತಿರುವಾಗ ಮಾತ್ರ. ಬದಲಾವಣೆ ತಿಳಿಯುವುದು ಎರಡು-ಮೂರು ಕಪ್ಪು ಕಳೆದ ಮೇಲೆ. ಇಷ್ಟು ತಾಳ್ಮೆ ಇದ್ದರೆ ಡೆಲೊಂಗಿಯ ಮ್ಯಾಗ್ನಿಫಿಕಾದಂಥ ಹಳೆಯ, ಸಾದಾ ಮಾದರಿಯೂ ಮರ್ಯಾದೆಯ ಕರಿ ಕಾಫಿ ಕೊಡುತ್ತದೆ. ಅಷ್ಟನ್ನು ಒಪ್ಪುತ್ತೇನೆ. ಟಚ್ ಸ್ಕ್ರೀನಿನ ಮೇಲೆ ಹತ್ತು-ಹನ್ನೆರಡು ಪಾನೀಯಗಳ ಚಿತ್ರ ಇದ್ದ ಮಾತ್ರಕ್ಕೆ ಆ ಕರಿ ಕಾಫಿ ಸುಧಾರಿಸುವುದಿಲ್ಲ.

ಇನ್ನೊಂದು ಜಗಳ ಬೆಂಗಳೂರಿನ ಕಾಫಿ ಪಂಡಿತರ ಜೊತೆ. ಚಿಕೋರಿ ಎಂದರೆ ಅವರು ಮೂಗು ಮುರಿಯುತ್ತಾರೆ. ಬಡತನದ ಕಲಬೆರಕೆ, ಮಷೀನು ಬಂದದ್ದೇ ಒಳ್ಳೆಯದಾಯಿತು, ಆ ಚಟ ಬಿಡಿ ಎನ್ನುತ್ತಾರೆ. ಕಲಬೆರಕೆ ಅಲ್ಲವೇ ಅಲ್ಲ. ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಕೂಡದು, ಪ್ರಮಾಣ ಪೊಟ್ಟಣದ ಮೇಲಿರಬೇಕು ಎಂದು ಕಾನೂನೇ ಹೇಳಿ ಮಾರಲು ಬಿಟ್ಟಿದೆ. ಅದಕ್ಕಿಂತ ಮುಖ್ಯ, ಫಿಲ್ಟರಿನಲ್ಲಿ ಅದಕ್ಕೊಂದು ಕೆಲಸವಿದೆ: ನೀರು ಹಿಡಿದಿಟ್ಟು ಡಿಕಾಕ್ಷನ್ನನ್ನು ನಿಧಾನಕ್ಕೆ, ಗಟ್ಟಿಯಾಗಿ ಇಳಿಸುತ್ತದೆ, ಅರ್ಧ ಲೋಟ ಎಮ್ಮೆಹಾಲಿನ ಎದುರು ಆ ಗಟ್ಟಿತನವೇ ನಿಲ್ಲುವುದು. ಮಷೀನಿನಲ್ಲಿ ಚಿಕೋರಿ ನಡೆಯುವುದಿಲ್ಲ. ಬೀಜದ ಬಟ್ಟಲಿಗೆ ಹಾಕಲು ಅದು ಬೀಜವಲ್ಲ, ಬೇರು. ಪುಡಿಯ ಕಿಂಡಿಯಲ್ಲಿ ಒಂದು ಚಮಚ ಹಾಕಿದರೆ ಒತ್ತಡಕ್ಕೆ ಕಟ್ಟಿಕೊಂಡು ಹನಿ ಹನಿ ಇಳಿಯುತ್ತದೆ. ಎಣ್ಣೆ ಜಿನುಗುವಷ್ಟು ಕಪ್ಪಗೆ ಹುರಿದ ಬೀಜವೂ ಬೇಡ, ಗಿರಣಿಗೆ ಅಂಟುತ್ತದೆ. ಅವ್ವ ಕೇಳುವ ಕಾಫಿ ಈ ಮಷೀನಿನಿಂದ ಹೊರಡುವುದೇ ಇಲ್ಲ; ಹೊರಡುವುದು ಬೇರೆಯೇ ಒಂದು ಕಾಫಿ. ಅದನ್ನು ಹೇಳದೆ ಮಾರುವುದು ಮೋಸ, ಹೇಳದೆ ಹೊಗಳುವುದು ಸೋಮಾರಿತನ.

ಹಾಲಿನದೂ ಹಾಗೆಯೇ. ತಾನೇ ನೊರೆ ಎಬ್ಬಿಸುವ ಪಾತ್ರೆಗೆ ಫ್ರಿಜ್ಜಿನ ತಣ್ಣನೆ ಹಾಲು ಬೇಕು. ನಮ್ಮ ಮನೆಗಳಲ್ಲಿ ಹಾಲು ಕಾಯಿಸದೆ ಒಳಗಿಡುವ ರೂಢಿ ಇಲ್ಲ. ಕಾದ ಎಮ್ಮೆಹಾಲಿನ ಮೇಲೆ ಬೆರಳ ದಪ್ಪ ಕೆನೆ. ಸೋಸದೆ ಸುರಿದರೆ ಸಣ್ಣ ಕೊಳವೆ ಕಟ್ಟುತ್ತದೆ. ಕೊಳವೆಯೇ ಇಲ್ಲದ, ಎರಡು ತುಂಡಾಗಿ ಬಿಚ್ಚಿ ತೊಳೆಯುವ ಫಿಲಿಪ್ಸ್ ಲ್ಯಾಟೆಗೋ ಈ ಒಂದು ವಿಷಯದಲ್ಲಿ ಜಾಣ. ಆದರೂ ಬಾಯಿ ಸುಡುವ ಬಿಸಿ ಬೇಕೆನ್ನುವವರಿಗೆ ಕೈಯಿಂದ ಹಿಡಿದು ಕಾಯಿಸುವ ಸ್ಟೀಮ್ ನಳಿಗೆಯೇ ವಾಸಿ. ಎಂಟು ಮಂದಿ ಬೀಗರು ಒಟ್ಟಿಗೆ ಬಂದರೆ ಮಾತ್ರ ಯಾವ ನಳಿಗೆಯೂ ಕಾಪಾಡುವುದಿಲ್ಲ. ಒಂದೊಂದೇ ಕಪ್ಪು ಇಳಿಯುತ್ತ ಹೋಗುತ್ತದೆ, 1.8 ಲೀಟರಿನ ನೀರಿನ ಡಬ್ಬಿ ತಳ ಕಾಣುತ್ತದೆ, ಹನ್ನೆರಡು-ಹದಿನಾಲ್ಕು ಬಿಲ್ಲೆಗೆ ಚರಟದ ಡಬ್ಬಿ ತುಂಬಿ ಕೆಂಪು ದೀಪ ಹತ್ತುತ್ತದೆ.

ಯಾರೂ ಅಂಕ ಕೊಡದ ಸಂಗತಿ ನೀರು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಮನುಷ್ಯನಿಗೆ ನಡೆಯುವುದು ಮಷೀನಿನ ಕಾಯಿಸುವ ನಳಿಗೆಗೆ ನಡೆಯುವುದಿಲ್ಲ. ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟಿಸುವ ಬೋರ್‌ವೆಲ್ ನೀರೇ ಒಳಗೂ ಅದನ್ನೇ ಕಟ್ಟಿಸುತ್ತದೆ, ಅಲ್ಲಿ ನಮ್ಮ ಕೈ ಹೋಗುವುದಿಲ್ಲ. ಪೆಟ್ಟಿಗೆಯಲ್ಲಿ ಬರುವ ಗಡಸುತನದ ಪಟ್ಟಿಯನ್ನು ನಲ್ಲಿ ನೀರಿನಲ್ಲಿ ಅದ್ದಿ, ಅದರಂತೆ ಮಷೀನನ್ನು ಹೊಂದಿಸುವುದು ಮೊದಲ ದಿನದ ಕೆಲಸ. ಆರ್‌ಒ ನೀರೊಂದನ್ನೇ ಹಾಕಿದರೆ ಹಕ್ಕಳೆ ಇಲ್ಲ, ರುಚಿ ಚಪ್ಪೆ, ಎರಡೂ ನೀರನ್ನು ಬೆರೆಸಿಕೊಳ್ಳಬಹುದು.

ಬಿಲ್ಲೆ ಒತ್ತುವ ಭಾಗ, ಅಂದರೆ ಬ್ರೂ ಯೂನಿಟ್, ಒದ್ದೆ ಚರಟ ಹಿಡಿದು ಕೂತರೆ ನಮ್ಮ ಮಳೆಗಾಲದಲ್ಲಿ ಬೂಸ್ಟು ಹಿಡಿಯಲು ತಡವಾಗುವುದಿಲ್ಲ. ಡೆಲೊಂಗಿ, ಫಿಲಿಪ್ಸ್‌ಗಳಲ್ಲಿ ಪಕ್ಕದ ಬಾಗಿಲು ತೆರೆದು ಅದನ್ನು ಎಳೆದು ನಲ್ಲಿಯಡಿ ತೊಳೆಯಬಹುದು. ವಿಮರ್ಶಕರು ಕಿರೀಟ ತೊಡಿಸುವ ದುಬಾರಿ ಯೂರಾದಲ್ಲಿ ಬಳಸುವವರು ಅದನ್ನು ಹೊರತೆಗೆಯುವಂತಿಲ್ಲ. ಗುಳಿಗೆ ಹಾಕಿ ತೊಳೆಸಬೇಕು, ಕೆಟ್ಟರೆ ಮೆಕ್ಯಾನಿಕ್ ಬರಬೇಕು. ಹುಬ್ಬಳ್ಳಿ ದಾಟಿ ಹಿರೇಕೆರೂರಿನ ತನಕ ಯಾರು ಬರುತ್ತಾರೆಂದು ದುಡ್ಡು ಕೊಡುವ ಮುಂಚೆಯೇ ಕೇಳಬೇಕು. ದಿನಕ್ಕೆ ಎರಡು-ಮೂರು ಕರಿ ಕಾಫಿ ಕುಡಿಯುವ ಮನೆಗೆ ನನ್ನ ಮತ ಸ್ಟೀಮ್ ನಳಿಗೆಯ ಅತಿ ಸಾದಾ ಮಾದರಿಗೆ. ಹಾಲಿನ ಕಾಫಿಯ ತುಂಬುಮನೆಗೆ ಒಂದು ಒಳ್ಳೆಯ ಗ್ರೈಂಡರು, ಹಿತ್ತಾಳೆ ಫಿಲ್ಟರು ಸಾಕು. ಮಷೀನೇ ಬೇಕೆಂದರೆ ಬ್ರೂ ಯೂನಿಟ್ಟನ್ನು ನಿಮ್ಮೆದುರು ಬಿಚ್ಚಿ ಮತ್ತೆ ಕೂರಿಸಲು ಅಂಗಡಿಯವನಿಗೆ ಹೇಳಿ. ಅವನ ಕೈಲಾಗದಿದ್ದರೆ ಮುಂದಿನ ಅಂಗಡಿಗೆ ಹೋಗಿ.