ಕನ್ನಡ ಹೊಸ ಅಲೆಯ ಸಿನಿಮಾ: ಮೂಲದ ಮರುಪರಿಶೀಲನೆ

ಕನ್ನಡದ ಹೊಸ ಅಲೆಯ ಸಿನಿಮಾವನ್ನು ನವ್ಯ ಸಾಹಿತ್ಯದ ಮುಂದುವರಿಕೆಯೆಂದು ಗುರುತಿಸುವುದು ವಿಮರ್ಶೆಯಲ್ಲಿ ರೂಢಿಯಾಗಿದೆ. 1970ರ ‘ಸಂಸ್ಕಾರ’ ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನೂ ಅನಂತರದ ‘ವಂಶವೃಕ್ಷ’ ಎಸ್. ಎಲ್. ಭೈರಪ್ಪನವರ ಕಾದಂಬರಿಯನ್ನೂ ಆಧರಿಸಿರುವುದು ಈ ನಿಲುವಿಗೆ ಬಲ ನೀಡಿದೆ. ಆದರೆ ಕಾದಂಬರಿಯ ಆಧಾರವೊಂದೇ ಹೊಸತನದ ಲಕ್ಷಣವಾಗಲಾರದು. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲರು ‘ಬೆಳ್ಳಿಮೋಡ’ವನ್ನು 1967ರಲ್ಲಿಯೇ ರೂಪಿಸಿದ್ದರು, ಅದು ಜನಪ್ರಿಯ ಧಾರೆಯೊಳಗೇ ನಿಂತಿತು.

ಭಿನ್ನತೆಯ ಬೇರುಗಳನ್ನು ನಿರ್ಮಾಣದ ವಿಧಾನದಲ್ಲಿ ಅರಸಬೇಕಾಗುತ್ತದೆ. ‘ಸಂಸ್ಕಾರ’ದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ, ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಚಿತ್ರಕಥೆ ಬರೆದ ನಾಟಕಕಾರ ಗಿರೀಶ ಕಾರ್ನಾಡರೇ ಪ್ರಾಣೇಶಾಚಾರ್ಯರಾದರು, ಲೇಖಕ ಪಿ. ಲಂಕೇಶರು ನಾರಣಪ್ಪನಾದರು, ಸ್ನೇಹಲತಾ ರೆಡ್ಡಿ ಚಂದ್ರಿಯಾದರು. ತಾರಾಮೌಲ್ಯವಾಗಲಿ ಸ್ಟುಡಿಯೋ ಸೆಟ್ಟುಗಳಾಗಲಿ ಇಲ್ಲದ ಈ ಕೃತಿಯಲ್ಲಿ ಪ್ರಾದೇಶಿಕತೆ ರೂಪುಗೊಂಡದ್ದು ಹೊರಗಿನ ಕಣ್ಣು ಹಾಗೂ ಒಳಗಿನ ಅನುಭವಗಳ ಸಂಧಿಯಲ್ಲಿ. ಕಾದಂಬರಿಯಲ್ಲಿ ಆಚಾರ್ಯರ ಅಂತರಂಗದ ತರ್ಕವಾಗಿದ್ದುದು ಇಲ್ಲಿ ಮುಖ, ಮನೆ, ಬೀದಿಗಳ ಮೇಲಿನ ನೋಟವಾಗಿ ಪರಿವರ್ತಿತವಾಗಿದೆ. ಸೆನ್ಸಾರ್ ಮಂಡಳಿ ಮೊದಲು ನಿಷೇಧಿಸಿದ ಚಿತ್ರವೇ ಅನಂತರ ಅತ್ಯುತ್ತಮ ಕಥಾಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು.

ಈ ಧಾರೆಯ ಮಿತಿಯೂ ಅದರ ಮೂಲದಲ್ಲಿಯೇ ಇದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಬಾಲಕನ ಕಣ್ಣಿನಿಂದ ವಿಧವೆಯೊಬ್ಬಳ ಬಹಿಷ್ಕಾರವನ್ನು ಕಾಣಿಸಿ ನೋಟದ ವ್ಯಾಕರಣವನ್ನು ಸೂಕ್ಷ್ಮಗೊಳಿಸಿತಾದರೂ ಅದರ ಜಗತ್ತು ಅಗ್ರಹಾರದ್ದೇ. ಬಿ. ವಿ. ಕಾರಂತರ ‘ಚೋಮನ ದುಡಿ’ (1975) ಆ ವಲಯವನ್ನು ದಾಟಿ ಭೂಮಿಯ ಹಕ್ಕಿನಿಂದ ವಂಚಿತನಾದ ದಲಿತನನ್ನು ಕೇಂದ್ರಕ್ಕೆ ತಂದಿತು. ಮಾತಿಗೆ ನಿಲುಕದ ಚೋಮನ ಆಕ್ರೋಶ ಅಲ್ಲಿ ದುಡಿಯ ನಾದವಾಗುತ್ತದೆ. ಆದರೂ ದಲಿತನ ಕಥೆಯನ್ನು ಹೇಳಿದವರು ಅನ್ಯರೇ ಎಂಬ ಪ್ರಶ್ನೆ ಉಳಿಯುತ್ತದೆ.

ಮೂಲದ ಚರ್ಚೆ ಕೇವಲ ಕಾಲನಿರ್ಣಯದ ಸಂಗತಿಯಲ್ಲ. ಕಾದಂಬರಿಯನ್ನೇ ಮೂಲವೆಂದರೆ ಚಿತ್ರದ ಮೌಲ್ಯಮಾಪನ ಪಠ್ಯನಿಷ್ಠೆಗೆ ಸೀಮಿತಗೊಳ್ಳುತ್ತದೆ. ನೋಡುವ ಕ್ರಮವನ್ನು ಮೂಲವೆಂದರೆ ಪರಂಪರೆ ವಿಸ್ತಾರಗೊಳ್ಳುತ್ತದೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ಗೆ ಕಾದಂಬರಿಯ ಆಸರೆಯಿಲ್ಲ, ಮಂಡ್ಯ ಸೀಮೆಯ ಗ್ರಾಮಸ್ಥರೇ ಅದರ ನಟರು. ಅದೂ ‘ಸಂಸ್ಕಾರ’ದಂತೆ ಒಂದು ಸಾವು ಹಾಗೂ ಅದರ ಉತ್ತರಕ್ರಿಯೆಯ ಸುತ್ತಲೇ ಬೆಳೆಯುತ್ತದೆ. ಅಲ್ಲಿ ಧರ್ಮಜಿಜ್ಞಾಸೆಯಾಗಿದ್ದುದು ಇಲ್ಲಿ ಜಮೀನಿನ ವ್ಯವಹಾರವೂ ನಗೆಯೂ ಆಗಿದೆ. ಸಾಹಿತ್ಯಕೇಂದ್ರಿತ ಇತಿಹಾಸ ಈ ನಂಟನ್ನು ಗುರುತಿಸಲಾರದು. ಸಿನಿಮಾದ ಇತಿಹಾಸ ಗುರುತಿಸಲೇಬೇಕು.